ಆರನೆಯ ತಾರೀಖಿನ ಊಟ

ಕಳೆದ ಮೇ ತಿಂಗಳಲ್ಲಿ ನಾಗಪುರಕ್ಕೆ ಹೋಗಿದ್ದೆ. ನಮ್ಮವರ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ನಮಗೆ ಕೊಟ್ಟಿದ್ದ ಲಾಡ್ಜಿನ ಕೋಣೆಯಲ್ಲಿ ಎ.ಸಿ. ಇತ್ತು, ಆದರೆ ಮಹಡಿಯ ಕಾರಿಡಾರಿನಲ್ಲಿ ಇನ್ನೂ ತಗಡಿನ ಹಳೇ ಕೂಲರೊಂದು ಗಡಗಡ ಎಂದು ಓಡುತ್ತಿತ್ತು. ಅದಕ್ಕೆ ಅಂದೇ ಬೆಳಿಗ್ಗೆ ಹೊಸ ಲಾವಂಚ ತುಂಬಿದ್ದರು. ಬಾಗಿಲು ತೆರೆದ ಕೂಡಲೆ ಒದ್ದೆ ಲಾವಂಚದ ಆ ವಾಸನೆ ಮುಖಕ್ಕೆ ಬಂತು. ನಾನು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಅಲ್ಲೇ ನಿಂತೆ. ಇವರು ಹಿಂದಿನಿಂದ, "ಏನಾಯ್ತು? ಏನಾದ್ರೂ ಮರೆತ್ಯಾ?" ಎಂದರು. ಇಲ್ಲ ಅಂದೆ.

ಮರೆತಿರಲಿಲ್ಲ. ಆದರೆ ಸರಿಯಾಗಿ ನೆನಪಿತ್ತು ಎಂದೂ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಮೈಸೂರಿನಲ್ಲಿ ನಮ್ಮ ಮೇಷ್ಟರು ಎರಡು ವರ್ಷ ಕಲಿಸಿದ್ದು ಒಂದೇ ಪಾಠ: ಸಾಕ್ಷಿ ಹೇಳುವವನಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳಬೇಕು. ಆ ಬೇಸಿಗೆಯ ವಿಷಯದಲ್ಲಿ ಸಾಕ್ಷಿ ಹೇಳಬೇಕಾದವಳು ನಾನೊಬ್ಬಳೇ, ಲಾಭವೂ ನನ್ನದೇ. ಆದ್ದರಿಂದ ಊರಿಗೆ ವಾಪಸಾದ ಮೇಲೆ ಅಟ್ಟದ ಟ್ರಂಕಿನಿಂದ ೧೯೯೯ರ ಡೈರಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡೈರಿಯೂ ನಾನೇ ಬರೆದದ್ದು, ಹಾಗಾಗಿ ಅದನ್ನೂ ಪೂರ್ತಿ ನಂಬುವಂತಿಲ್ಲ.

ಆಗ ನಮ್ಮವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದರು. ನಾವಿದ್ದದ್ದು ಮನೀಶ್ ನಗರದಲ್ಲಿ, ರೈಲ್ವೆ ಗೇಟಿನ ಆಚೆ. ನಾನು ರಾಮದಾಸಪೇಠದ ಒಂದು ಕಿವುಡ ಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಸಂಬಳ ಅಷ್ಟಕ್ಕಷ್ಟೆ. ಪತ್ರ ಬರೆಯುವುದು, ದೇಣಿಗೆಗೆ ರಸೀದಿ ಕೊಡುವುದು, ರಿಜಿಸ್ಟರಿನಲ್ಲಿ ದಾನಿಗಳ ಹೆಸರು ಏರಿಸುವುದು ನನ್ನ ಕೆಲಸ. ಶಾಲೆಯನ್ನು ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಮರಾಠಿ ಹೆಂಗಸು. ಎಲ್ಲರಿಗೂ ಅವರು ತಾಈ, ಅಂದರೆ ಅಕ್ಕ. ಅವರ ತಂದೆಯ ಕಾಲದ ಬಂಗಲೆಯಲ್ಲೇ ಶಾಲೆ, ಹಿಂದುಗಡೆ ಹಾಸ್ಟೆಲ್. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದರೂ ಊರಿಗೆ ಕರೆದೊಯ್ಯುವವರಿಲ್ಲದ ಇಪ್ಪತ್ತು ಮೂವತ್ತು ಮಕ್ಕಳು ಹಾಸ್ಟೆಲಿನಲ್ಲೇ ಉಳಿಯುತ್ತಿದ್ದರು. ಬೇಸಿಗೆ ಎಂದರೆ ದಾನಿಗಳೂ ಊರು ಬಿಡುವ ಕಾಲ. ತಾಈಗೆ ಏಪ್ರಿಲ್ ಬಂತೆಂದರೆ ಎದೆ ಭಾರ.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಊಟದ ಕೋಣೆಯ ಗೋಡೆಗೆ ಒಂದು ಕರೀ ಹಲಗೆ. ಅದರ ಮೇಲೆ ಮರಾಠಿಯಲ್ಲಿ 'ಇಂದಿನ ಊಟ' ಎಂದು ಬಣ್ಣದಲ್ಲಿ ಬರೆಸಿದ್ದರು. ಕೆಳಗೆ ಪ್ರತಿದಿನ ಬೆಳಿಗ್ಗೆ ಸೀಮೆಸುಣ್ಣದಿಂದ ಒಂದು ಹೆಸರು. ಒಂದು ದಿನದ ಊಟಕ್ಕೆ ಕೊಟ್ಟವರು ಯಾರ ಹೆಸರು ಹೇಳುತ್ತಾರೋ ಆ ಹೆಸರು. ಕೊಟ್ಟವರು ಬಂದು ಮೊದಲ ಸೌಟು ತಮ್ಮ ಕೈಯಾರೆ ಬಡಿಸಬಹುದು. ನಿನ್ನೆಯ ಹೆಸರನ್ನು ಒರೆಸಿ ಇವತ್ತಿನದನ್ನು ಬರೆಯುವುದೂ ನನ್ನ ಪಾಲಿಗೆ ಬಂದಿತ್ತು, ನನ್ನ ಅಕ್ಷರ ದುಂಡಗಿದೆ ಎಂದು.

ಆ ವರ್ಷ ಜನವರಿಯಲ್ಲಿ ಕ್ರೆಡಿಟ್ ಕಾರ್ಡಿನ ಮಶೀನು ಬಂತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಕರೆಂಟಿಲ್ಲ, ತಂತಿಯಿಲ್ಲ, ಕಬ್ಬಿಣದ ಒಂದು ತಟ್ಟೆ. ಅದರ ಮೇಲೆ ಕಾರ್ಡು ಇಟ್ಟು, ಕಾರ್ಬನ್ ಚೀಟಿ ಹೊದಿಸಿ, ಉರುಳೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದರೆ ಕಾರ್ಡಿನಲ್ಲಿ ಉಬ್ಬಿದ ಅಕ್ಷರಗಳೆಲ್ಲ ಚೀಟಿಯ ಮೇಲೆ ಒತ್ತುತ್ತಿದ್ದವು. ಬ್ಯಾಂಕಿನಲ್ಲಿದ್ದ ತಾಈಯ ಸೋದರಳಿಯ ಅದನ್ನು ಕೊಡಿಸಿದ್ದ. ಬಂದ ದಿನ ತಾಈ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಇಟ್ಟು, ತೆಂಗಿನಕಾಯಿ ಒಡೆದು ಪೂಜೆ ಮಾಡಿದರು. ಹೊಲಿಗೆ ಯಂತ್ರ ಬಂದಾಗಲೂ ಮಾಡಿದ್ದರಂತೆ, ನೀರಿನ ಪಂಪಿಗೂ ಮಾಡಿದ್ದರಂತೆ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅವರು ಧಾರಾಳವಾಗಿಯೇ ಹಚ್ಚಿದ್ದರು. ಆಮೇಲೆ ಅದರ ಮೇಲೊಂದು ಕಸೂತಿ ಬಟ್ಟೆ ಮುಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಹೊಂಬಳ ಅವರು ಬಂದದ್ದು ಫೆಬ್ರುವರಿಯ ಮೊದಲ ವಾರ. ನಾನು ಹೊಸ ಸ್ಟೀಲ್ ತಟ್ಟೆಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದೆ. ಬಾಗಿಲಲ್ಲಿ ಯಾರೋ ನಕ್ಕ ಹಾಗಾಯಿತು.

"ಮಾತು ಯಾವುದರ ಆಡ್ರಿ, ಎಣಸೂ ಮುಂದ ಕನ್ನಡ ಹೊರಗ ಬಂದ ಬರ್ತದ ನೋಡ್ರಿ."

ಐವತ್ತರ ಆಸುಪಾಸಿನ ಮನುಷ್ಯ. ಗದಗಿನ ಕಡೆಯವರು. ನೀರಿನ ಪಂಪು ಮಾಡುವ ಒಂದು ಕಂಪನಿಯ ನಾಗಪುರ ಶಾಖೆಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದರು. ತಿಂಗಳಲ್ಲಿ ಹದಿನೈದು ದಿನ ಟೂರು. ಅವರ ಮನೆಯೂ ಮನೀಶ್ ನಗರದಲ್ಲೇ, ನಮ್ಮಿಂದ ನಾಲ್ಕು ಗಲ್ಲಿ ಆಚೆ. ಅಷ್ಟು ದಿನ ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಪ್ರತಿ ತಿಂಗಳ ಆರನೆಯ ತಾರೀಖಿನ ಊಟ ತಮ್ಮದಿರಲಿ ಎಂದರು. ಹೆಸರು? 'ವೈದೇಹಿ' ಎಂದರು. ನಾನು ರೂಢಿಯಂತೆ ಹೆಸರಿನ ಮುಂದೆ ಸ್ಮರಣಾರ್ಥ ಎಂದು ಸೇರಿಸಲು ಹೊರಟೆ.

"ಅದು ಬ್ಯಾಡ್ರಿ ಅಕ್ಕಾರ. ಬರೇ ಹೆಸರು ಬರೀರಿ."

"ಯಾರು ಸರ್?"

"ಮಗಳು," ಎಂದರು. ಅಂಗಿಯ ಜೇಬಿನಿಂದ ಕಾರ್ಡು ತೆಗೆದರು.

ನಾನು ಮೊದಲು ಉರುಳೆ ಎಳೆದದ್ದು ಹೊಂಬಳ ಅವರ ಕಾರ್ಡಿನ ಮೇಲೇ. ಚೀಟಿಯ ಮೇಲೆ ಸಂಖ್ಯೆ, ಅವಧಿ, ಅವರ ಹೆಸರು ನೀಲಿಯಾಗಿ ಒತ್ತಿದವು. ರಸೀದಿಯನ್ನು ಅವರ ಹೆಸರಿಗೆ ಬರೆದುಕೊಟ್ಟೆ. ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವ ರಸೀದಿ ಅದು. ಅವರು ಅದನ್ನು ಓದದೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಫೆಬ್ರುವರಿ, ಮಾರ್ಚ್, ಏಪ್ರಿಲ್. ಮೂರು ತಿಂಗಳೂ ಆರನೆಯ ತಾರೀಖು ಬಂದರು. ಹಳೇ ಊರಿನ ಮಹಾಲ್ ಪೇಟೆಯ ಅಂಗಡಿಯೊಂದರಿಂದ ಬಿಸಿ ಜಿಲೇಬಿ ಕಟ್ಟಿಸಿಕೊಂಡು, ಟೂರಿನಲ್ಲಿದ್ದರೆ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದರು. ಮಕ್ಕಳು ಶಾಲೆಗೆ ಬಂದುಹೋಗುವ ಎಲ್ಲರಿಗೂ ಒಂದೊಂದು ಸನ್ನೆಯ ಹೆಸರು ಇಡುತ್ತಿದ್ದರು. ತಾಈಗೆ ಹಣೆಯ ಮೇಲೆ ರೂಪಾಯಿಯಗಲ ಕುಂಕುಮದ ಸನ್ನೆ. ನನಗೆ ಮೂಗುಬೊಟ್ಟು. ಹೊಂಬಳ ಅವರಿಗೆ ಎದೆಯ ಜೇಬು ತಟ್ಟಿ, ಅಂಗೈಯನ್ನು ಗಾಳಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುವುದು. ಅವರು ಗೇಟಿನೊಳಗೆ ಬಂದರೆ ಸಾಕು, ಅಷ್ಟೂ ಮಕ್ಕಳು ಜೇಬು ತಟ್ಟಿಕೊಂಡು ಉರುಳೆ ಎಳೆಯುತ್ತಿದ್ದರು. ಅವರೂ ಗಂಭೀರವಾಗಿ ಅದೇ ಸನ್ನೆ ತಿರುಗಿ ಮಾಡುತ್ತಿದ್ದರು.

ಏಪ್ರಿಲ್ ಮಧ್ಯದಲ್ಲಿ ಬಿಸಿಗಾಳಿ ಏಳುತ್ತದೆ. ನಾನು ಮುಖಕ್ಕೆ ಕಣ್ಣು ಮಾತ್ರ ಕಾಣುವ ಹಾಗೆ ದುಪಟ್ಟಾ ಸುತ್ತಿ, ಬಿಸಿಲು ಬಡಿಯದಿರಲೆಂದು ಅಲ್ಲಿಯವರ ಹಾಗೆ ಪರ್ಸಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡು ಲೂನಾದಲ್ಲಿ ಹೋಗುತ್ತಿದ್ದೆ. ಆಫೀಸಿನ ಕೋಣೆಯಲ್ಲಿ ಕಿಟಕಿಗೆ ಕೂಲರು, ಅದರ ಲಾವಂಚದ ವಾಸನೆ, ಸಂದಿಗೊಂದಿಗೆಲ್ಲ ಕೆಂಪು ಧೂಳು. ಅಂಥ ಒಂದು ಮಧ್ಯಾಹ್ನ ಬೀರು ಸ್ವಚ್ಛ ಮಾಡುತ್ತ ಮಶೀನನ್ನೂ ಹೊರತೆಗೆದೆ. ಉರುಳೆ ಓಡುವ ಕೆಳಗಿನ ಅಂಚಿನಲ್ಲಿ ತಾಈಯ ಕುಂಕುಮ ಧೂಳಿನ ಜೊತೆ ಸೇರಿ ಅರಗಿನ ಹಾಗೆ ಗಟ್ಟಿಯಾಗಿತ್ತು. ಹಳೇ ಚಮಚದ ತುದಿಯಿಂದ ಕೆರೆದೆ, ಸೀಮೆಎಣ್ಣೆಯಲ್ಲಿ ಒರೆಸಿದೆ. ಎರಡು ದಿನ ಬಿಟ್ಟು ಒಬ್ಬ ಡಾಕ್ಟರು ಬಂದು ಕಾರ್ಡು ಕೊಟ್ಟರು. ಉರುಳೆ ಎಳೆದೆ. ಅವರ ಹೆಸರಿನ ಕೆಳಗೆ ಇನ್ನೂ ಒಂದು ಸಾಲು ಒತ್ತಿತು: ಅವರ ಆಸ್ಪತ್ರೆಯ ಹೆಸರು. ಡಾಕ್ಟರು ತಾವಾಗಿಯೇ, ಇದು ಆಸ್ಪತ್ರೆಯ ಕಾರ್ಡು, ರಸೀದಿ ಆಸ್ಪತ್ರೆಯ ಹೆಸರಿಗೆ ಮಾಡಿ ಎಂದರು.

ಅಂದರೆ ಮೂರು ತಿಂಗಳು ಕುಂಕುಮದ ಮೇಲೆ ಹತ್ತಿ ಉರುಳೆ ಆ ಬದಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಕಟ್ಟಕಡೆಯ ಸಾಲು ಚೀಟಿಗೆ ಇಳಿಯುತ್ತಲೇ ಇರಲಿಲ್ಲ.

ಡಾಕ್ಟರು ಹೋದ ಮೇಲೆ ಹೊಂಬಳ ಅವರ ಮೂರು ಚೀಟಿ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಹೆಸರಿನ ಕೆಳಗೆ ಶಾಯಿಯಿಲ್ಲದ, ಬರೀ ಕಾಗದ ತಗ್ಗಿದ ಒಂದು ಸಾಲು. ಬೆರಳಿನಿಂದ ಸವರಿದರೆ ತಿಳಿಯುತ್ತಿತ್ತು. ಪಂಪಿನ ಕಂಪನಿಯ ಹೆಸರು.

ಇಲ್ಲಿ ನಾನು ನನ್ನನ್ನೇ ಹಿಡಿದು ನಿಲ್ಲಿಸಬೇಕು. ಚೀಟಿಯಲ್ಲಿ ಆ ಸಾಲು ಇರಲಿಲ್ಲ, ಸರಿ. ಆದರೆ ಕಾರ್ಡಿನಲ್ಲಿ ಇತ್ತಲ್ಲ? ಆ ಕಾರ್ಡನ್ನು ನಾನು ಮೂರು ಸಲ ಕೈಯಲ್ಲಿ ಹಿಡಿದಿದ್ದೆ. ಇಂಗ್ಲಿಷ್ ಓದಲು ಬರುತ್ತದೆ, ಕಣ್ಣೂ ಆಗ ಚೆನ್ನಾಗಿತ್ತು. ನೋಡಿರಲೇಬೇಕು. ನೋಡಿಯೂ, ಕನ್ನಡ ಮಾತಾಡುವ ಮನುಷ್ಯ ಎಂದು ಬಿಟ್ಟುಬಿಟ್ಟಿದ್ದೆನೆ? ಆಮೇಲೆ ಆ ಸಲುಗೆಯ ಮೇಲೆಯೇ ನನಗೆ ಸಿಟ್ಟು ಬಂದು ಅವರ ಮೇಲೆ ತಿರುಗಿದೆನೆ? ಡೈರಿಯಲ್ಲಿ ಆ ದಿನ ಇರುವುದು ಇಷ್ಟು: 'ಮಶೀನು ತೊಳೆದದ್ದು ಒಳ್ಳೆಯದಾಯಿತು. ಹೊಂಬಳ?' ಆ ಪ್ರಶ್ನೆಯ ಚಿಹ್ನೆಯನ್ನು ಎರಡು ಸಲ ತಿದ್ದಿದ್ದೇನೆ.

ಅನುಮಾನ ಒಮ್ಮೆ ಹತ್ತಿಕೊಂಡರೆ ಎಲ್ಲವೂ ಅದಕ್ಕೆ ಹೊಂದಿಕೊಳ್ಳುತ್ತದೆ. ಕಂಪನಿಯ ದುಡ್ಡಿನಲ್ಲಿ ಊಟ ಹಾಕಿಸಿ, ತನ್ನ ಹೆಸರಿಗೆ ರಸೀದಿ ಪಡೆದು, ತೆರಿಗೆಯನ್ನೂ ಉಳಿಸಿಕೊಳ್ಳುತ್ತಿದ್ದಾರೆ. ರಸೀದಿಯನ್ನು ಓದದೆ ಮಡಚಿದ್ದು ಏಕೆ? ಸ್ಮರಣಾರ್ಥ ಬೇಡ ಎಂದದ್ದು ಏಕೆ? ನಮ್ಮ ನಾಲ್ಕು ಗಲ್ಲಿ ಆಚೆ ಇದ್ದೂ ಒಮ್ಮೆಯೂ ಮನೆಗೆ ಬನ್ನಿ ಎಂದು ಕರೆಯಲಿಲ್ಲವೇಕೆ? ಮನೆಯಲ್ಲಿ ಇವರಿಗೆ ಹೇಳಿದೆ. ಇವರು ಮಜ್ಜಿಗೆ ಕುಡಿಯುತ್ತ ನಕ್ಕರು.

"ನಮ್ಮಲ್ಲಾಗಿದ್ರೆ ಚಾರ್ಜ್‌ಶೀಟ್ ಕೈಗೆ ಬಂದಿರೋದು. ಆದ್ರೆ ನೀನ್ಯಾಕೆ ವಿಜಿಲೆನ್ಸ್ ಕೆಲಸ ಮಾಡ್ತೀಯಾ? ರಸೀದಿ ಬರಿ, ಸಾಕು."

ರಸೀದಿಯನ್ನಾದರೂ ಸರಿಯಾಗಿ ಬರೆಯಬೇಕಲ್ಲ ಎನಿಸಿತು. ತಾಈಗೆ ಹೇಳಿದೆ. ಅವರು ಮರಾಠಿಯಲ್ಲಿ, ಆರನೆಯ ತಾರೀಖು ಬರುತ್ತಾನಲ್ಲ, ಆಗ ಕೇಳು, ಅಲ್ಲಿಯವರೆಗೆ ಏನೂ ಮುಟ್ಟಬೇಡ ಎಂದರು. ನನಗೆ ಅದರಲ್ಲೂ ಅನುಮಾನ. ಬೇಸಿಗೆಯ ಊಟ ತಪ್ಪುತ್ತದೆಂದು ತಾಈ ಕಣ್ಣು ಮುಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆ ಸಂಜೆಯೇ ಹೊಂಬಳ ಅವರ ಆಫೀಸಿಗೆ ಫೋನು ಮಾಡಿದೆ, ಅವರು ಟೂರಿನಲ್ಲಿದ್ದರು ಎಂದು ಎಷ್ಟೋ ವರ್ಷ ನಂಬಿಕೊಂಡು ಬಂದಿದ್ದೇನೆ. ಫೋನಿನ ಹಸಿರು ಬಣ್ಣ, ಅದರ ಡಯಲ್ಲಿನ ಬಿಸಿ ಕೂಡ ನೆನಪಿದೆ. ಡೈರಿಯಲ್ಲಿ ಅಂಥ ಫೋನಿನ ಸುದ್ದಿಯೇ ಇಲ್ಲ. ಅಂದು ಹಾಲಿನವನಿಗೆ ಫೋನು ಮಾಡಿದ್ದು ಕೂಡ ಬರೆದಿದೆ.

ಏಪ್ರಿಲ್ ಕೊನೆಗೆ ಹಿಂದಿನ ವರ್ಷದ ದಾನಿಗಳಿಗೆಲ್ಲ ಕೃತಜ್ಞತೆಯ ಪತ್ರ ಹೋಗುವುದು ವಾಡಿಕೆ. ಒಂದು ದೊಡ್ಡ ಕಟ್ಟು ಟೈಪು ಮಾಡಿದೆ. ಅದರಲ್ಲಿ ಒಂದು, ಮುಂಬಯಿಯಲ್ಲಿದ್ದ ಪಂಪಿನ ಕಂಪನಿಯ ಮುಖ್ಯ ಕಚೇರಿಗೆ. ನಿಮ್ಮ ಕಾರ್ಡಿನಿಂದ ಮೂರು ತಿಂಗಳು ಬಂದ ದೇಣಿಗೆಗೆ ವಂದನೆಗಳು, ರಸೀದಿಗಳು ಪ್ರಮಾದದಿಂದ ನಿಮ್ಮ ನೌಕರರ ಹೆಸರಿಗೆ ಹೋಗಿವೆ, ಸರಿಪಡಿಸಿದ ರಸೀದಿಗಳನ್ನು ಲಗತ್ತಿಸಿದೆ. ತಾಈ ಮಧ್ಯಾಹ್ನದ ನಿದ್ದೆಯಿಂದ ಎದ್ದು ಕನ್ನಡಕವಿಲ್ಲದೆ ಒಂದೊಂದಕ್ಕೂ ಸಹಿ ಹಾಕುತ್ತ ಹೋದರು. ನಾನು ಅದನ್ನು ಕಟ್ಟಿನ ನಡುವೆ ಬೇಕೆಂದೇ ಇಟ್ಟಿದ್ದೆನೋ, ಅಕಾರಾದಿಯಲ್ಲಿ ಅಲ್ಲಿಗೇ ಬಂದಿತ್ತೋ ಈಗ ಹೇಳಲಾರೆ. ಅಕಾರಾದಿಯಲ್ಲಿ ಬಂದಿತ್ತು ಎಂದು ಹೇಳಿಕೊಳ್ಳಲು ಇಷ್ಟ.

ರಸೀದಿ ಪುಸ್ತಕದ ಮೂರು ಕಾರ್ಬನ್ ಪ್ರತಿಗಳ ಮೇಲೆ ಕೆಂಪು ಶಾಯಿಯಲ್ಲಿ 'ರದ್ದು' ಎಂದು ಬರೆದು ಸಹಿ ಮಾಡಿದೆ. ರಿಜಿಸ್ಟರಿನಲ್ಲಿ ಆರನೆಯ ತಾರೀಖಿನ ಮುಂದಿದ್ದ ವೈದೇಹಿಯನ್ನು ಹೊಡೆದುಹಾಕಿ ಕಂಪನಿಯ ಹೆಸರು ಬರೆದು ಮತ್ತೆ ಸಹಿ ಮಾಡಿದೆ. ಒಂದು ನಿಯಮವನ್ನೂ ಟೈಪು ಮಾಡಿ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದೆ: ಕಾರ್ಡಿನ ದೇಣಿಗೆಗೆ, ಕಾರ್ಡು ಯಾರದೋ ಅವರ ಹೆಸರಿನಲ್ಲಿ ಮಾತ್ರ ರಸೀದಿ. ಬಹಳ ದಿನದ ಮೇಲೆ ಒಂದು ಕೆಲಸವನ್ನು ಓದಿದವರ ಹಾಗೆ ಮಾಡಿದೆ ಎಂಬ ತೃಪ್ತಿ ಅಂದು ನನಗಿತ್ತು. ಇದು ಮಾತ್ರ ಡೈರಿಯಲ್ಲಿ ಸ್ಪಷ್ಟವಾಗಿದೆ.

ಮೇ ಆರರ ಬೆಳಿಗ್ಗೆ ಹಲಗೆಯ ಮೇಲೆ ಪಂಪಿನ ಕಂಪನಿಯ ಹೆಸರು ಬರೆದೆ. ಹೆಸರು ಉದ್ದ, ಎರಡು ಸಾಲು ಬೇಕಾಯಿತು.

ಹನ್ನೆರಡಕ್ಕೆ ಹೊಂಬಳ ಬಂದರು. ಮಕ್ಕಳು ಜೇಬು ತಟ್ಟಿ ಉರುಳೆ ಎಳೆದರು. ಅವರು ಹಲಗೆಯನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ; ಅವರು ನನ್ನ ಕಡೆ ನೋಡಲಿಲ್ಲ. ಸೌಟು ತೆಗೆದುಕೊಂಡು ಎಂದಿನ ಹಾಗೆ ಮೊದಲ ಪಂಕ್ತಿಗೆಲ್ಲ ಬಡಿಸಿದರು, ಜಿಲೇಬಿ ಹಂಚಿದರು, ಕೈ ತೊಳೆದುಕೊಂಡು ಆಫೀಸಿಗೆ ಬಂದು ಕೂಲರಿನ ಎದುರು ಕುಳಿತರು.

"ಅಕ್ಕಾರ, ಇವತ್ತ ಬೋರ್ಡಿನ ಮ್ಯಾಲ ನಮ್ಮ ಕಂಪನಿ ಹೆಸರು ಅದ."

"ಕಾರ್ಡು ಕಂಪನಿದಲ್ವಾ ಸರ್?"

"ಕಾರ್ಡು ಕಂಪನಿದು. ರೊಕ್ಕ ನಂದು."

ಆಮೇಲೆ ಹೇಳಿದರು, ನಿಧಾನವಾಗಿ, ಹೊಸ ಗಿರಾಕಿಗೆ ಪಂಪು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವವರ ಹಾಗೆ. ಕಾರ್ಡಿನ ಬಿಲ್ಲು ಆಫೀಸಿಗೆ ಬರುತ್ತದೆ. ಟೂರಿನ ಖರ್ಚಿಗೆ ಇವರು ವೋಚರು ಹಾಕುತ್ತಾರೆ, ಅದನ್ನು ಕಂಪನಿ ಕಟ್ಟುತ್ತದೆ. ಈ ಊಟದ ಸಾಲಿಗೆ ಮಾತ್ರ ಸ್ವಂತದ್ದು ಎಂದು ಗುರುತು ಹಾಕಿ ಕೊಡುತ್ತಾರೆ. ಶಾಖೆಯ ಮ್ಯಾನೇಜರು ಅಷ್ಟನ್ನು ಇವರ ಭತ್ತೆಯಲ್ಲಿ ಹಿಡಿದುಕೊಳ್ಳುತ್ತಾರೆ. ಹಾಗೆ ಸ್ವಂತಕ್ಕೆ ಬಳಸುವಂತಿಲ್ಲ ಎಂಬ ಕಾಗದಕ್ಕೆ ಕಾರ್ಡು ಕೊಡುವಾಗಲೇ ಸಹಿ ತೆಗೆದುಕೊಂಡಿದ್ದಾರೆ. ಮ್ಯಾನೇಜರು ಒಳ್ಳೆಯವರು, ಸುಮ್ಮನಿದ್ದಾರೆ.

"ಹಾಗಿದ್ರೆ ನಗದೇ ಕೊಡಬಹುದಿತ್ತಲ್ಲ ಸರ್," ಎಂದೆ. ನನ್ನ ದನಿ ನನಗೇ ನಮ್ಮವರು ಹೇಳಿದ ವಿಜಿಲೆನ್ಸಿನವರ ದನಿಯ ಹಾಗೆ ಕೇಳಿಸಿತು.

"ಪಗಾರು, ಪಾಸ್‌ಬುಕ್ಕು ಎಲ್ಲಾ ಮನಿಯವರ ಕೈಯಾಗ ಇರ್ತದ್ರಿ. ಏನ ತೆಗದರೂ ಯಾಕ ಅಂತಾರ. ನಮ್ಮ ಮನ್ಯಾಗ ಆಕಿ ಹೆಸರು ತೆಗಿಯೂ ಹಂಗಿಲ್ಲ. ಫೋಟೋ ಇಳಿಸಿ ಇಟ್ಟಾರ. ಯಾರರ ಕೇಳಿದ್ರ ನಮಗ ಮಕ್ಕಳಿಲ್ಲ ಅಂತಾರ." ಕೂಲರಿನ ಕಡೆ ನೋಡುತ್ತ ಮುಂದುವರಿಸಿದರು. "ತಿಂಗಳಿಗೊಮ್ಮೆ ಎಲ್ಲ್ಯರ ಒಂದ ಕಡೆ ಬರದದ್ದು ನೋಡಬೇಕು ಅನಸ್ತಿತ್ತು, ಅಷ್ಟ."

ನಾನು ಆಗಲಾದರೂ ಸುಮ್ಮನಿರಬಹುದಿತ್ತು. ಭತ್ತೆಯಲ್ಲಿ ಹಿಡಿದದ್ದಕ್ಕೆ ಕಾಗದ ಏನಾದರೂ ಇದ್ದರೆ ತಂದುಕೊಡಿ, ರಸೀದಿ ಮತ್ತೆ ನಿಮ್ಮ ಹೆಸರಿಗೇ ಮಾಡಿಕೊಡುತ್ತೇನೆ ಎಂದೆ.

"ಮೊದಲ ಒಂದ ಮಾತು ಕೇಳಿದ್ರ ತಂದ ಕೊಡತಿದ್ದೆ," ಎಂದರು. ಎದ್ದು ನಿಂತ ಮೇಲೆ ಏನೋ ಹೊಳೆದವರಂತೆ ತಿರುಗಿ ಕೇಳಿದರು. "ಮುಂಬೈಕ ಏನೂ ಬರದಿಲ್ಲ ಹೌದಲ್ಲ?"

ಇದಕ್ಕೆ ನಾನೇನು ಹೇಳಿದೆ ಎಂಬುದು ನನ್ನ ನೆನಪಿನಲ್ಲಿ ಎರಡು ರೀತಿ ಇದೆ. ಒಂದರಲ್ಲಿ, ಬರೆದಿದ್ದೇನೆ ಸರ್, ತಪ್ಪಾಯಿತು ಎನ್ನುತ್ತೇನೆ. ಇನ್ನೊಂದರಲ್ಲಿ ರಸೀದಿ ಪುಸ್ತಕದ ಹಾಳೆ ತಿರುಗಿಸುತ್ತ ಕೂತಿರುತ್ತೇನೆ, ಅವರು ಕಾದು ನೋಡಿ ಹೊರಟುಹೋಗುತ್ತಾರೆ. ಡೈರಿ ಹೇಳುವುದು: 'ಹೊಂಬಳ ಬಂದಿದ್ದರು. ಕೂಲರಿಗೆ ನೀರು ಏರುತ್ತಿಲ್ಲ.' ಎರಡನೆಯದೇ ನಿಜವಿರಬೇಕು. ತಪ್ಪಾಯಿತು ಎಂದಿದ್ದರೆ ಅದನ್ನು ಬರೆದಿಟ್ಟುಕೊಳ್ಳದೆ ಇರುವವಳಲ್ಲ ನಾನು.

ಹತ್ತು ದಿನದೊಳಗೆ ಮುಂಬಯಿಯಿಂದ ಉತ್ತರ ಬಂತು. ಇಂಥ ದೇಣಿಗೆಗೆ ತಾವು ಮಂಜೂರಾತಿ ಕೊಟ್ಟಿಲ್ಲ, ಚೀಟಿಗಳ ನಕಲು ಕಳುಹಿಸಿಕೊಡಬೇಕು ಎಂದು. ತಾಈ ಈ ಸಲ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ನನ್ನನ್ನು ಬೈಯಲಿಲ್ಲ.

"ಶಾರದಾ, ಮಶೀನು ತೊಳೆದೆ, ಚಲೋ ಆಯಿತು," ಎಂದು ಮರಾಠಿಯಲ್ಲಿ ಹೇಳಿದರು. "ಮನುಷ್ಯನನ್ನು ಒಂದು ಮಾತು ಕೇಳು ಅಂದಿದ್ದೆನಲ್ಲ."

ನಕಲು ಕಳುಹಿಸದೆ ಗತ್ಯಂತರವಿರಲಿಲ್ಲ. ಜೊತೆಗೆ ತಾಈ ತಾವೇ ಕೈಯಲ್ಲಿ ಒಂದು ಪತ್ರ ಬರೆದು ಸೇರಿಸಿದರು. ಅದರಲ್ಲಿ ಏನಿತ್ತೋ ನನಗೆ ತೋರಿಸಲಿಲ್ಲ. ಆಮೇಲೆ ಮುಂಬಯಿಯಿಂದ ಏನೂ ಬರಲಿಲ್ಲ, ಹೊಂಬಳ ಅವರೂ ಬರಲಿಲ್ಲ. ಮೇ ಕೊನೆಯ ಭಾನುವಾರ ಧೈರ್ಯ ಮಾಡಿ ನಾಲ್ಕು ಗಲ್ಲಿ ದಾಟಿ ಅವರ ಮನೆ ಹುಡುಕಿದೆ. ಬೀಗ ಹಾಕಿತ್ತು. ಬಾಲ್ಕನಿಯಲ್ಲಿದ್ದ ಕೂಲರನ್ನೂ ಬಿಚ್ಚಿ ಒಯ್ದಿದ್ದರು, ತಗಡು ಇದ್ದ ಜಾಗದಲ್ಲಿ ಗೋಡೆಯ ಮೇಲೆ ಚೌಕನೆಯ ತುಕ್ಕಿನ ಗೆರೆ. ಪಕ್ಕದ ಮನೆಯ ಹೆಂಗಸು ಹಿಂದಿಯಲ್ಲಿ, ರಾಯಪುರಕ್ಕೆ ಬದಲಿಯಾಯಿತಂತೆ, ಬಹಳ ಜಲ್ದಿ ಹೊರಟರು ಎಂದಳು. ನಾನು ಅವರ ಮಗಳ ಬಗ್ಗೆ ಕೇಳಿದೆ.

"ಮಗಳಾ?" ಎಂದು ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅವರಿಗೆ ಮಕ್ಕಳೇ ಇಲ್ಲವಲ್ಲ."

ಲೂನಾ ತಳ್ಳಿಕೊಂಡು ಮನೆಗೆ ನಡೆದೆ. ಹೊಂಬಳ ಹೇಳಿದ್ದೂ ಅದನ್ನೇ ಅಲ್ಲವೆ, ಯಾರು ಕೇಳಿದರೂ ಮಕ್ಕಳಿಲ್ಲ ಎನ್ನುತ್ತಾರೆ ಎಂದು. ನೆರೆಯವಳ ಮಾತು ಅವರ ಮಾತನ್ನು ನಿಜ ಮಾಡುತ್ತದೆ. ಅವರು ಕಟ್ಟಾ ಸುಳ್ಳುಗಾರ ಎನ್ನಲಿಕ್ಕೂ ಅದೇ ಮಾತು ಸಾಕು. ಇಷ್ಟು ವರ್ಷಗಳಲ್ಲಿ ನಾನು ಆ ಒಂದು ವಾಕ್ಯವನ್ನು ಎರಡೂ ಕಡೆಗೆ ಎಷ್ಟು ಸಲ ಹೊರಳಿಸಿದ್ದೇನೋ ಲೆಕ್ಕವಿಲ್ಲ. ಬದಲಿ ಕೂಡ ಹಾಗೆಯೇ. ನನ್ನ ಪತ್ರದಿಂದ ಆಯಿತೋ, ಸೇಲ್ಸಿನವರಿಗೆ ಆಗುತ್ತಲೇ ಇರುವ ಬದಲಿಯೋ ತಿಳಿಯುವ ದಾರಿಯಿರಲಿಲ್ಲ.

ಜೂನ್ ಆರರ ಬಗ್ಗೆ ನನ್ನಲ್ಲಿ ಒಂದು ಚೆಂದದ ನೆನಪಿದೆ. ಮುಂಗಾರಿಗೆ ಮುಂಚಿನ ಗುಡುಗು, ಮೊದಲ ಹನಿಗಳು ಹಂಚಿನ ಮೇಲೆ ಚಟಪಟ ಬೀಳುತ್ತಿವೆ. ಅಂದಿನ ಊಟಕ್ಕೆ ಯಾರೂ ಕೊಟ್ಟಿಲ್ಲ. ನಾನು ಹಲಗೆ ಒರೆಸಿ, ಯಾರನ್ನೂ ಕೇಳದೆ, ದುಂಡಗೆ 'ವೈದೇಹಿ' ಎಂದು ಬರೆಯುತ್ತೇನೆ. ಮಕ್ಕಳು ಜೇಬು ತಟ್ಟಿಕೊಂಡು ಗೇಟಿನ ಕಡೆ ನೋಡುತ್ತಾರೆ. ಈ ನೆನಪನ್ನು ನಾನು ಕೆಲವರಿಗೆ ಹೇಳಿದ್ದೂ ಉಂಟು. ಹೇಳುವಾಗ ಕಣ್ಣು ತುಂಬಿದ್ದೂ ಉಂಟು. ಮೊನ್ನೆ ಡೈರಿ ತೆಗೆದೆ. ಜೂನ್ ಆರು: 'ರಜೆ ಹಾಕಿದೆ. ಮುಖ ಎತ್ತಿಕೊಂಡು ಹೋಗಲಾಗಲಿಲ್ಲ. ಸಂಜೆ ಮಳೆ.' ಮರುದಿನ: 'ನಿನ್ನೆಯ ಹೆಸರು ಹಲಗೆಯ ಮೇಲೆ ಹಾಗೇ ಇತ್ತು. ತಾಈಯ ಅಕ್ಷರ.'

ಬರೆದವರು ತಾಈ. ಹೆಸರು ಅವರ ಅಕ್ಷರದಲ್ಲಿತ್ತು, ನಾನು ಅದನ್ನು ನನ್ನ ಖಾತೆಗೆ ಹಾಕಿಕೊಂಡು ಇಷ್ಟು ವರ್ಷ ತಿರುಗಾಡಿದ್ದೇನೆ. ಯಾರ ದುಡ್ಡಿಗೆ ಯಾರು ಹೆಸರು ಪಡೆಯುತ್ತಿದ್ದಾರೆ ಎಂದು ಹೊಂಬಳ ಅವರ ಚೀಟಿಯನ್ನು ಬೆಳಕಿಗೆ ಹಿಡಿದವಳು ನಾನು.

ಡೈರಿ ನೋಡುವ ಮೊದಲೇ, ಮದುವೆಯ ಮರುದಿನ, ಒಬ್ಬಳೇ ಆಟೋ ಹಿಡಿದು ರಾಮದಾಸಪೇಠಕ್ಕೆ ಹೋಗಿದ್ದೆ. ಬಂಗಲೆಯ ಎರಡೂ ಕಡೆ ಆಸ್ಪತ್ರೆಗಳು ಎದ್ದಿವೆ, ಶಾಲೆ ಇದೆ. ತಾಈ ಹೋಗಿ ಬಹಳ ವರ್ಷವಾಯಿತು. ನನ್ನ ಮೇಜಿನಲ್ಲಿ ಪ್ರಾಜಕ್ತಾ ಎಂಬ ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಇಲ್ಲಿ ಮೊದಲು ಕೆಲಸಕ್ಕಿದ್ದವಳು ಎಂದಾಗ ಎದ್ದು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಆರನೆಯ ತಾರೀಖಿನ ಊಟ ಈಗ ಯಾರದು ಎಂದು ಕೇಳಿದೆ. ಅವಳು ಪಟ್ಟಿ ತೆಗೆದು ಪಂಪಿನ ಕಂಪನಿಯ ಹೆಸರು ಓದಿದಳು.

"ಅವರು ಈಗಲೂ ಕೊಡುತ್ತಾರಾ?"

ಇಲ್ಲವಂತೆ. ಅವಳು ಬಂದಾಗಿನಿಂದ ಒಂದು ಪೈಸೆ ಬಂದದ್ದಿಲ್ಲ. ನಾನು ಕೆಲಸ ಬಿಟ್ಟ ಮೇಲೆ ತಾಈ ಇದ್ದಷ್ಟು ಕಾಲ ಹಲಗೆಯನ್ನು ಅವರೇ ಬರೆಯುತ್ತಿದ್ದರಂತೆ, ಏನು ಬರೆಯುತ್ತಿದ್ದರೋ ಇವಳಿಗೆ ಗೊತ್ತಿಲ್ಲ. ಅವರು ಹೋದ ಮೇಲೆ ಹಳೆಯ ರಿಜಿಸ್ಟರು ನೋಡಿ ಕಾಯಂ ದಾನಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದರು. ಅಂದಿನಿಂದ ಪ್ರತಿ ತಿಂಗಳ ಆರಕ್ಕೆ ಮಕ್ಕಳು ಆ ಪಂಪಿನ ಕಂಪನಿಯ ಹೆಸರಿನಲ್ಲಿ ಉಣ್ಣುತ್ತಿದ್ದಾರೆ.

ಅದು ತಪ್ಪು ಎಂದೆ. ಅದು ವೈದೇಹಿ ಎಂಬ ಹುಡುಗಿಯ ದಿನ, ತಿದ್ದಿಕೊಳ್ಳಿ ಎಂದೆ. ಪ್ರಾಜಕ್ತಾ ಬೇಸರಿಸದೆ ಬೀರುವಿನಿಂದ ಹಳೆಯ ರಿಜಿಸ್ಟರು ತೆಗೆದಳು, ಧೂಳು ಒರೆಸಿ ಪುಟ ಹುಡುಕಿ ನನ್ನ ಮುಂದಿಟ್ಟಳು. ವೈದೇಹಿಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದ ನೇರ ಗೆರೆ. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಕಂಪನಿ. ಕೆಂಪು ಶಾಯಿಯ ಸಹಿ.

"ಇಲ್ಲಿ ತಿದ್ದಿದವರು ಯಾರೋ ಸಹಿ ಮಾಡಿದ್ದಾರಲ್ಲ ಮ್ಯಾಡಮ್," ಎಂದಳು. "ಅದನ್ನು ಅಳಿಸಲು ಏನಾದರೂ ಕಾಗದ ಬೇಕು. ಈ ಸಹಿ ಯಾರದು, ನಿಮಗೆ ಗೊತ್ತಾ?"

ಗೊತ್ತು ಎಂದೆ. ನನ್ನದು ಎಂದೆ. ಅವಳು ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದಳು.

ಕಾಗದ ನನ್ನಲ್ಲಿರಲಿಲ್ಲ. ಪರ್ಸಿನಿಂದ ನನ್ನ ಕಾರ್ಡು ತೆಗೆದೆ, ವೈದೇಹಿಯ ಹೆಸರಿನಲ್ಲಿ ಒಂದು ವರ್ಷದ ಊಟಕ್ಕೆ ತೆಗೆದುಕೋ ಎಂದೆ. ಈಗ ಉರುಳೆ ಇಲ್ಲ, ಕಾರ್ಡನ್ನು ತಾಗಿಸಿದರೆ ಸಾಕು, ಸದ್ದೂ ಇಲ್ಲ. ರಸೀದಿಯನ್ನು ಹೊಂಬಳ ಅವರ ಹೆಸರಿಗೆ ಮಾಡಲಾಗುತ್ತದೆಯೆ ಎಂದು ಕೇಳಿದೆ. ಅವಳು ಸಂಕೋಚದಿಂದ ತನ್ನ ಹಿಂದಿನ ಗೋಡೆ ತೋರಿಸಿದಳು. ಗಾಜಿನ ಚೌಕಟ್ಟಿನಲ್ಲಿ, ಹಳದಿಗಟ್ಟಿದ ಹಾಳೆಯ ಮೇಲೆ, ನಾನು ಟೈಪು ಮಾಡಿದ್ದ ನಿಯಮ.

"ಇನ್ನೊಂದು ಮಾತು ಮ್ಯಾಡಮ್. ಆರನೆಯ ತಾರೀಖು ಖಾಲಿ ಇಲ್ಲ. ಏಳು ಇದೆ, ನಡೆಯುತ್ತದಾ?"

ನಡೆಯುತ್ತದೆ ಎಂದೆ. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಈಗ ನನ್ನ ಹೆಸರಿನ ರಸೀದಿ ಇದೆ. ವೈದೇಹಿಯ ಹೆಸರನ್ನು ಪ್ರತಿ ತಿಂಗಳು ಏಳನೆಯ ತಾರೀಖು ಬರೆಯುತ್ತಾರೆ, ಹಿಂದಿನ ದಿನದ ಕಂಪನಿಯ ಹೆಸರನ್ನು ಒರೆಸಿ.